ಗಡಿಕೆರೆಯಲ್ಲಿ ಕೇಳಿಬಂದ ಪ್ರಶ್ನೆ

ಮೂಡಲದುರ್ಗದ ಭದ್ರತೆಗೆ ಗಂಭೀರ ಬೆದರಿಕೆ ಎದುರಾಗಿತ್ತು. ಗಡಿಕೆರೆಯ ಏರಿಯ ಆಚೆ ತುದಿಯಿಂದ ಪಡುವಲದುರ್ಗದ ಕಾವಲುಗಾರ ಮರಿಸಿದ್ದ, ಈಚೆ ತುದಿಯ ಕಾವಲುಗಾರ ಜವರಪ್ಪನನ್ನು ಊಟ ಆಯಿತೇ ಎಂದು ಕೇಳಿದ್ದ.

ಕೇಳಿದ್ದು ಮೊದಲ ಸಲವೇನಲ್ಲ. ಆ ಕೆರೆ ಎರಡೂ ರಾಜ್ಯಗಳಿಗೆ ಸೇರಿದ್ದು. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ನೀರು ಬಿಟ್ಟುಕೊಳ್ಳಬಾರದೆಂದು ಹಿಂದಿನ ರಾಜರು ತೂಬಿನ ಮುಚ್ಚಳಕ್ಕೆ ಎರಡು ಹಗ್ಗ ಕಟ್ಟಿಸಿದ್ದರು, ಒಂದೊಂದು ಕಡೆಗೂ ಒಂದು. ಎರಡನ್ನೂ ಒಟ್ಟಿಗೆ ಎಳೆದರೆ ಮುಚ್ಚಳ ಮೇಲೇಳುತ್ತದೆ. ಒಬ್ಬನೇ ಎಳೆದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ನಡುವೆ ಕಲ್ಲಿನ ಮಂಟಪವಿದ್ದುದರಿಂದ ಹಗ್ಗ ಹಿಡಿದವರು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಹೀಗಾಗಿ ಅವರದೊಂದು ಪದ್ಧತಿ. ಮಧ್ಯಾಹ್ನ ಮರಿಸಿದ್ದ "ಊಟ ಆಯ್ತಾ ಜವ್ರಣ್ಣೋ?" ಎಂದು ಕೂಗಬೇಕು. ಜವರಪ್ಪ "ಆಯ್ತು ಕಣಪ್ಪೋ" ಎನ್ನಬೇಕು. ಅನ್ನುತ್ತಲೇ ಇಬ್ಬರೂ ಎಳೆಯಬೇಕು.

ಅಂದು ಹೊಸ ಭದ್ರತಾ ಮಂತ್ರಿಗಳು ಗಡಿ ನೋಡಲು ಬಂದಿದ್ದರು.

"ಅವನಿಗೇಕೆ ನಿನ್ನ ಊಟದ ವಿಚಾರ?" ಎಂದರು.

"ಕೇಳ್ತಾನೆ ಬುದ್ಧಿ. ನಾನೂ ಕೇಳ್ತೀನಿ," ಎಂದ ಜವರಪ್ಪ.

"ನೀನೂ ಕೇಳ್ತೀಯಾ? ಭೇಷ್! ಏನು ತಿಳಿದುಬಂತು?"

"ನೆನ್ನೆ ಅವ್ನಿಗೆ ಬರೀ ಉಪ್ಸಾರಂತೆ."

ಪಡುವಲದುರ್ಗದಲ್ಲಿ ತರಕಾರಿಯ ತೀವ್ರ ಅಭಾವವಿದೆ ಎಂದು ಮಂತ್ರಿಗಳು ರಾಜರಿಗೆ ತಿಳಿಸಿದರು.

ಆಸ್ಥಾನದಲ್ಲಿ ತಜ್ಞರು ಸೇರಿದರು. ನಾವು ಊಟಕ್ಕೆ ಕೂತಾಗ ಮೇಲೆ ಬೀಳಲು ಅವರು ಕೇಳುತ್ತಾರೆ ಎಂದು ಒಬ್ಬರು ಹೇಳಿದರು. ಇಲ್ಲ, ಉಂಡು ತೂಕಡಿಸುವಾಗ ಬೀಳಲು ಎಂದು ಇನ್ನೊಬ್ಬರು. ಕೊನೆಗೆ ಜವರಪ್ಪನಿಗೆ ಅಪ್ಪಣೆ ಬಂತು. ಊಟದ ಬಗ್ಗೆ ಯಾವ ಮಾಹಿತಿಯನ್ನೂ ಕೊಡಕೂಡದು.

ಜವರಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಮಾರನೆಯ ದಿನ ಆಚೆಯಿಂದ ಕೂಗು ಬಂದಾಗ ಹಗ್ಗ ಹಿಡಿದೇ ನಿಂತ.

"ಅದ್ನ ಹೇಳಂಗಿಲ್ಲ ಕಣಪ್ಪಾ."

"ಯಾಕಣ್ಣ, ಅತ್ಗೆ ಮುದ್ದೆ ಹಾಕ್ಲಿಲ್ವಾ?"

"ಅದೂ ಹೇಳಂಗಿಲ್ಲ."

ಮರಿಸಿದ್ದ ನಕ್ಕ. ಪಕ್ಕದಲ್ಲಿದ್ದ ಅವನ ದಳವಾಯಿ ನಗಲಿಲ್ಲ. ಇಷ್ಟು ಕಾಲ ಹೇಳುತ್ತಿದ್ದುದನ್ನು ಈಗ ಮುಚ್ಚಿಡುತ್ತಾರೆಂದರೆ ಒಳಗೇನೋ ಬೇಯುತ್ತಿದೆ ಎಂದು ಅವನಿಗೆ ಹೊಳೆಯಿತು. ಅವರು ಪಡೆ ತಂದರು. ಇವರೂ ತಂದರು. ದೂರದ ಕಡಲೂರಿನ ದೊರೆ ಶಾಂತಿಯ ಬಗ್ಗೆ ಕಳವಳಗೊಂಡು ಇಬ್ಬರಿಗೂ ಒಂದೇ ಅಚ್ಚಿನ ಫಿರಂಗಿ ಮಾರಿದ. ತೂಬು ಮುಚ್ಚಿಯೇ ಇತ್ತು.

ಅಷ್ಟರಲ್ಲಿ ಮಳೆ ಹಿಡಿಯಿತು. ಕೆರೆ ಏರಿಯ ಅಂಚಿಗೆ ಬಂತು. ಜವರಪ್ಪನ ಮನೆ, ಗದ್ದೆ ಎರಡೂ ಏರಿಯ ಕೆಳಗೆ. ಅವನು ಹೆಂಡತಿ ಮಕ್ಕಳನ್ನು ಗುಡ್ಡಕ್ಕೆ ಕಳಿಸಿ ಓಡೋಡಿ ಮಂತ್ರಿಗಳ ಡೇರೆಗೆ ಹೋದ.

"ಒಂದ್ಸಲ 'ಆಯ್ತು' ಅಂತ ಹೇಳ್ಕೊಳ್ಲಾ ಬುದ್ಧಿ?"

"ಉಂಡಿದ್ದೀಯಾ?"

"ಇಲ್ಲ ಬುದ್ಧಿ."

"ಹಾಗಾದರೆ ಅದು ಸುಳ್ಳು ಮಾಹಿತಿ. ಶತ್ರುವಿನ ದಾರಿ ತಪ್ಪಿಸುತ್ತದೆ. ಹೇಳಬಹುದು."

ನಿಜ ಹೇಳಕೂಡದು, ಸುಳ್ಳು ಹೇಳಬಹುದು ಎಂಬುದು ಜವರಪ್ಪನಿಗೆ ಅರ್ಥವಾಗಲಿಲ್ಲ. ಅಪ್ಪಣೆಯಂತೂ ಸಿಕ್ಕಿತ್ತು. ಏರಿಗೆ ಓಡಿ ಬಂದು ಹಗ್ಗ ಹಿಡಿದು ಕಾದ. ಆದರೆ ಆಚೆಯಿಂದ ಪ್ರಶ್ನೆ ಬರಲಿಲ್ಲ. ಈಗ ಅಲ್ಲಿ ಕೇಳುವುದನ್ನೇ ನಿಷೇಧಿಸಿದ್ದರು. ನೀರು ಪಾದಕ್ಕೆ ತಾಗಿತು. ತಡೆಯಲಾರದೆ ಜವರಪ್ಪ ತಾನಾಗಿಯೇ ಕೂಗಿದ.

"ಆಯ್ತು ಕಣಪ್ಪೋ! ಊಟ ಆಯ್ತು! ಎಳೆಯೋ ಸಿದ್ದಾ!"

ಯಾರೂ ಕೇಳದೆ ಕೊಟ್ಟ ಉತ್ತರ. ಇದು ದಾಳಿಯ ಸಂಕೇತವೇ ಸರಿ ಎಂದು ಆಚೆಯ ದಳವಾಯಿ ಮರಿಸಿದ್ದನನ್ನು ಏರಿಯಿಂದ ಕೆಳಗಿಳಿಸಿಬಿಟ್ಟ. "ಬುದ್ಧಿ, ಅದು ತೂಬಿಗೆ ಹೇಳಿದ್ದು!" ಎಂದು ಮರಿಸಿದ್ದ ಅರಚುತ್ತಿದ್ದುದು ಜವರಪ್ಪನಿಗೂ ಕೇಳಿಸಿತು. ಈಚೆ ಜವರಪ್ಪ ಬೇರೆ ದಾರಿಯಿಲ್ಲದೆ ಒಬ್ಬನೇ ಎಳೆದ. ಮುಚ್ಚಳ ಓರೆಯಾಯಿತು, ಕಚ್ಚಿಕೊಂಡಿತು. ಅವನು ಗುಡ್ಡದ ಕಡೆ ಓಡುತ್ತಿದ್ದಾಗ ಹಿಂದೆ ಏರಿ ಒಡೆಯಿತು.

ಎರಡೂ ಕಡೆಯ ಗದ್ದೆಗಳು ಕೊಚ್ಚಿಹೋದವು. ಜವರಪ್ಪನ ಮನೆಯೂ ಹೋಯಿತು. ಶತ್ರು ಒಂದಡಿಯೂ ಒಳಗೆ ಬರಲಿಲ್ಲ ಎಂದು ಎರಡೂ ದುರ್ಗಗಳಲ್ಲಿ ವಿಜಯೋತ್ಸವ ನಡೆಯಿತು. ಉತ್ಸವದಲ್ಲಿ ಊಟ ಇರಲಿಲ್ಲ.

ಇದರ ನೀತಿ ಇಷ್ಟೇ: ನೆರೆಯವನ ಮೇಲೆ ಕಣ್ಣಿಡುವುದು ತಪ್ಪಲ್ಲ. ಆದರೆ ಅವನ ಪ್ರತಿ ಮಾತಿನಲ್ಲೂ ಸಂಚು ಹುಡುಕುವ ರಾಜ್ಯ ಕೊನೆಗೆ ಮಾತನ್ನೇ ಕಳೆದುಕೊಳ್ಳುತ್ತದೆ. ಇಬ್ಬರೂ ಸೇರಿ ಎಳೆಯಬೇಕಾದ ಹಗ್ಗ ಆಗ ಯಾರ ಕೈಯಲ್ಲಿದ್ದರೂ ಉಪಯೋಗವಿಲ್ಲ.

ಗಡಿಕೆರೆಯ ಏರಿಯನ್ನು ಇನ್ನೂ ಕಟ್ಟಿಲ್ಲ. ಫಿರಂಗಿಗಳನ್ನು ಹೂಳಿನಿಂದ ಎತ್ತಿದ್ದಾರೆ.