ಕುದುರೆ ವೈದ್ಯನ ಮುಂದಿನ ಸಾಲು

ಒಂದಾನೊಂದು ಊರಿತ್ತಂತೆ. ಹೆಸರು ಕೇಳಬೇಡಿ, ಹೇಳಿದ್ರೆ ನಮ್ಮೂರೇ ಅಂತೀರಿ. ಆ ಊರ ರಾಜ ಭಾರೀ ದಯಾವಂತ. ಪ್ರಜೆಗಳಿಗೋಸ್ಕರ ಒಬ್ಬ ದೊಡ್ಡ ವೈದ್ಯನನ್ನ ಇಟ್ಟಿದ್ದ. ಯಾರು ಬೇಕಾದ್ರೂ ಹೋಗಬಹುದು, ತಡೆಯೋರಿಲ್ಲ. ನಾಡಿ ಹಿಡಿಯೋಕೆ ಒಂದು ವರಹ, ನಾಲಿಗೆ ನೋಡೋಕೆ ಇನ್ನೊಂದು, ಅಷ್ಟೇ. ಅದರಲ್ಲಿ ಅರ್ಧ ರಾಜನಿಗೇ ಹೋಗ್ತಿತ್ತು. ಪಾಪ, ದಯೆಗೂ ಖರ್ಚಿರುತ್ತಲ್ಲ!

ಆ ಊರಲ್ಲಿ ಬುಟ್ಟಿ ಹೆಣೆಯೋ ಕೆಂಚವ್ವ ಅಂತ ಒಬ್ಬಳಿದ್ದಳು. ಅವಳ ಗಂಡ ದ್ಯಾವಣ್ಣನಿಗೆ ಮೂರು ಹಗಲು ಮೂರು ರಾತ್ರಿ ಬಿಡದೆ ಜ್ವರ. ನಾಲ್ಕನೇ ದಿನ ಅವನು ಕಣ್ಣೇ ಬಿಡಲಿಲ್ಲ. ಕೆಂಚವ್ವ ವೈದ್ಯನ ಬಾಗಿಲಿಗೆ ಓಡಿದಳು.

"ಸ್ವಾಮೀ, ನನ್ನ ಗಂಡನ್ನ ಉಳಿಸಿಕೊಡಿ. ಆರು ಬುಟ್ಟಿ, ಎರಡು ಮೊರ ತಂದಿದ್ದೀನಿ."

"ಮೊರದಲ್ಲಿ ನಾನೇನು ನಾಡಿ ಕೇರಲಾ? ಎರಡು ವರಹ ತಾ, ಹೋಗಮ್ಮ."

ಅಳ್ತಾ ಬರೋವಾಗ ಅರಮನೆಯ ಲಾಯ ಕಣ್ಣಿಗೆ ಬಿತ್ತು. ರಾಜನ ಕುದುರೆ ಒಂದು ಸಲ ಸೀನಿತು ಅಂತ ಕುದುರೆ ವೈದ್ಯ ಬುಡನ್ ಸಾಬ್ ಅದಕ್ಕೆ ಕಷಾಯ ಕುಡಿಸ್ತಿದ್ದ. ಬಿಟ್ಟಿ! ಕುದುರೆ ಹತ್ರ ವರಹ ಯಾರು ಕೇಳ್ತಾರೆ?

"ಎಲಾ ಇದರ!" ಅಂದವಳೇ ಮನೆಗೆ ಹೋಗಿ, ಗಂಡನಿಗೆ ಕಂಬಳಿ ಹೊದಿಸಿ, ಸೊಂಟಕ್ಕೆ ತೆಂಗಿನ ನಾರಿನ ಬಾಲ ಕಟ್ಟಿ, ಹೊತ್ತು ತಂದು ಲಾಯದಲ್ಲಿ ಇಳಿಸಿದಳಂತೆ.

"ಇದು ಯಾರ ಕುದುರೆಯಮ್ಮಾ?"

"ನಂದೇ ಸಾಬಣ್ಣ. ಇರೋದೇ ಒಂದು."

ಬುಡನ್ ಸಾಬ್ ಕಂಬಳಿ ಎತ್ತಿ ನೋಡಿದ. ಅವನಿಗೆ ಕರುಳು ಚುರ್ ಅಂತು. "ಹೌದು, ಕುದುರೆನೇ. ಬೇಗ ಒಳಗೆ ತಾ" ಅಂದ. ಮೂರನೇ ದಿನಕ್ಕೆ ದ್ಯಾವಣ್ಣ ಎದ್ದು ಗಂಜಿ ಕೇಳಿದ.

ಸುದ್ದಿ ಹಬ್ಬಿತು. ಲಾಯದ ಮುಂದೆ ಸಾಲೋ ಸಾಲು. ಬಸುರಿ ಕುದುರೆ, ಕೆಮ್ಮೋ ಕುದುರೆ, ಕೋಲೂರಿಕೊಂಡು ಬರೋ ಹಲ್ಲಿಲ್ಲದ ಕುದುರೆ. ದೊಡ್ಡ ವೈದ್ಯ ಜಗುಲಿ ಮೇಲೆ ನೊಣ ಹೊಡೀತಾ ಕೂತ.

ಹೀಗಿರೋವಾಗ ರಾಜನಿಗೇ ಹೊಟ್ಟೆನೋವು ಬಂತಂತೆ. ದೊಡ್ಡ ವೈದ್ಯ ಕೈ ಚಾಚಿದ. "ಪ್ರಭು, ನಾಡಿಗೊಂದು, ನಾಲಿಗೆಗೊಂದು. ತಮ್ಮದೇ ಅಪ್ಪಣೆ, ಮೀರೋಕಾಗುತ್ತಾ?" ರಾಜ ಹೊಟ್ಟೆ ಹಿಡ್ಕೊಂಡನೇ ಹೊರತು ಗಂಟು ಬಿಚ್ಚಲಿಲ್ಲ. ಎದ್ದು ಹೊರಟ.

ಮಧ್ಯಾಹ್ನ ಲಾಯದ ಸಾಲಿಗೆ ಜರಿ ಶಾಲು ಹೊದ್ದ ಒಂದು ದಪ್ಪ ಕುದುರೆ ನುಗ್ಗಿತು. ಗಂಡನಿಗೆ ಕೊನೇ ಕಷಾಯ ಕುಡಿಸೋಕೆ ಬಂದಿದ್ದ ಕೆಂಚವ್ವ ಬಗ್ಗಿ ನೋಡಿದಳು. ಕಾಲಲ್ಲಿ ಚಿನ್ನದ ಪಾದುಕೆ!

"ಬುದ್ಧೀ, ಹಿಂದೆ ಹೋಗಿ ನಿಂತ್ಕೊಳ್ಳಿ. ಇಲ್ಲಿ ಕುದುರೆಗಳೆಲ್ಲಾ ಸಾಲಲ್ಲೇ ಬರೋದು."

ರಾಜ ಹಲ್ಲು ಕಡಿದ. ಆದರೆ ಹೊಟ್ಟೆ ಹಿಂಡ್ತಿತ್ತಲ್ಲ, ಹೋಗಿ ನಿಂತ. ಸರದಿ ಬಂದಾಗ ಬುಡನ್ ಸಾಬ್ "ಕುದುರೆ ತಾನೇ?" ಅಂತ ಕೇಳಿದ. ರಾಜ ಊರೆಲ್ಲಾ ಕೇಳೋ ಹಾಗೆ ಕೆನೆದನಂತೆ!

ತಾನೊಬ್ಬನೇ ಕುದುರೆಯಾದ್ರೆ ಮರ್ಯಾದೆ ಏನಾಗಬೇಕು? ಮರುದಿನವೇ ಡಂಗುರ ಹೊಡೆಸಿದ: "ಇವತ್ತಿಂದ ಈ ನಾಡಲ್ಲಿ ಇರೋರೆಲ್ಲಾ ಅರಮನೆ ಕುದುರೆಗಳು!" ದೊಡ್ಡ ವೈದ್ಯನೂ ಲಾಯಕ್ಕೆ ಬಂದು ಕಷಾಯ ಕುದಿಸೋಕೆ ಕೂತ.

ಅವರು ಅಲ್ಲಿ ಕುದುರೆಗಳಾಗಿ ಗಟ್ಟಿಮುಟ್ಟಾಗಿದ್ದಾರೆ, ನಾವು ಇಲ್ಲಿ ಮನುಷ್ಯರಾಗಿ ಕೆಮ್ಮುತ್ತಾ ಕೂತಿದ್ದೀವಿ.