ಹಳೇ ಪೈಪಿನ ತೀರ್ಪು

ಹೊಗೆಸೊಪ್ಪಿನ ರುಚಿ ನೋಡಿ ತೀರ್ಪು ಹೇಳುವ ಬಿದ್ದಪ್ಪನವರು ಹೊಸ ಮಿಶ್ರಣವನ್ನೆಲ್ಲ ನಿನ್ನೆ ಮೊನ್ನೆ ಬಂದ ಮಣ್ಣಿನ ಪೈಪಿಗೇ ತುಂಬುವುದು ಕಂಡು ಅವರ ಹಳೇ ಮರದ ಪೈಪಿಗೆ ಮೈಯೆಲ್ಲ ಉರಿಯುತ್ತಿತ್ತು.

"ಇಂದಿನದು ಜೇನಿನಂಥ ಘಮ!" ಎಂದಿತು ಮಣ್ಣಿನ ಪೈಪು.

"ಇಪ್ಪತ್ತು ವರ್ಷ ಯಜಮಾನರ ಬಾಯಲ್ಲಿದ್ದವನು ನಾನು. ರುಚಿಯ ವಿಚಾರ ನಿನಗೇನು ಗೊತ್ತು?" ಎಂದು ಹಳೇ ಪೈಪು ಸಿಡುಕಿತು.

"ಇದರಲ್ಲೂ ಒಮ್ಮೆ ನೋಡೋಣ" ಎಂದು ಬಿದ್ದಪ್ಪನವರು ಹಳೇ ಪೈಪನ್ನು ಎತ್ತಿಕೊಂಡರು. ಕಡ್ಡಿ ಗೀರಿ ಅದರೊಳಗೆ ಹಿಡಿದದ್ದೇ ತಡ, ಪೈಪು ಗಟ್ಟಿಯಾಗಿ ತೀರ್ಪು ಕೊಟ್ಟಿತು: "ಥೂ, ಬರೀ ಕಹಿ! ಸೀದ ವಾಸನೆ! ಇದನ್ನೇನೋ ನೀನು ಹೊಗಳಿದ್ದು?"

ಬೆಂಕಿಕಡ್ಡಿ ಆರುವ ಮುನ್ನ ಮೆಲ್ಲಗೆ ಹೇಳಿತು: "ಅಣ್ಣಾ, ನಿನ್ನ ತೇವ ಆರಲೆಂದು ಬರಿದೇ ಕಾಯಿಸಿದರು ಅಷ್ಟೆ. ಹೊಸ ಸೊಪ್ಪು ಇನ್ನೂ ಡಬ್ಬಿಯಲ್ಲೇ ಇದೆ."