ಹಪ್ಪಳದ ಬಿಸಿಲು

ಜಯತೀರ್ಥನ ಬೀರುವಿನಲ್ಲಿ ಎರಡು ಕ್ಯಾಮೆರಾಗಳಿದ್ದವು. ದೊಡ್ಡ ಮಿರರ್‌ಲೆಸ್ ಮೆತ್ತನೆಯ ಚೀಲದಲ್ಲಿ ಮಲಗುತ್ತಿತ್ತು. ಜೇಬಿನಲ್ಲಿ ಹಿಡಿಸುವ ಪುಟಾಣಿ ಕ್ಯಾಮೆರಾ ಕರ್ಚೀಫುಗಳ ನಡುವೆ ಬಿದ್ದಿರುತ್ತಿತ್ತು.

ಒಂದು ಮಧ್ಯಾಹ್ನ ಅವನ ಅಕ್ಕ ಅಂಬಾಬಾಯಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದಳು. ಒಂದು ಹಪ್ಪಳ ಕದ್ದ ಕಾಗೆಯನ್ನು ಬೈಯುತ್ತ ಬೈಯುತ್ತಲೇ ಗೊಳ್ಳನೆ ನಕ್ಕಳು. ಜಯತೀರ್ಥ ಓಡಿಬಂದು ಬೀರು ತೆರೆದ. ಕೈ ಪುಟಾಣಿಯ ಮೇಲೆ ಬಿತ್ತು.

“ಇಂಥ ಮುಖಕ್ಕೆ ನಿನ್ನ ಸಾಸಿವೆ ಕಣ್ಣು ಸಾಕೇ?” ಎಂದಿತು ಮಿರರ್‌ಲೆಸ್.

ಪುಟಾಣಿ ನಾಚಿತು. “ದೊಡ್ಡವರು ನೀವಿರುವಾಗ ನಾನು ಮುಂದೆ ಬರಬಾರದು. ನೀವೇ ಹೋಗಿ,” ಎಂದು ಅವನ ಬೆರಳಿನಿಂದ ಜಾರಿ ಕರ್ಚೀಫುಗಳೊಳಗೆ ಹುದುಗಿತು.

“ಈ ಸುಡುಬಿಸಿಲಿನಲ್ಲೇ? ಬೆಳಕು ಹದವಾಗಲಿ,” ಎಂದಿತು ಮಿರರ್‌ಲೆಸ್.

ಜಯತೀರ್ಥನಿಗೂ ಹಾಗೇ ಅನ್ನಿಸಿತು. “ಅಕ್ಕಾ, ಒಂದು ಚಲೋ ದಿನಾ ನೋಡಿ ಛಂದಾಗಿ ತೆಗೀತೀನಿ,” ಎಂದು ಕೂಗಿ ಹೇಳಿದ.

“ತೆಗಿಯಪಾ, ನಾ ಎಲ್ಲಿ ಓಡಿ ಹೊಂಟೀನಿ?” ಎಂದಳು ಅಂಬಾಬಾಯಿ.

ಕ್ಯಾಮೆರಾಕ್ಕಾಗಿ ಅವನು ಬೀರು ಮತ್ತೆ ತೆರೆದದ್ದು ಅವಳ ವೈಕುಂಠ ಸಮಾರಾಧನೆಯ ಹಿಂದಿನ ದಿನ. ಹಾರ ಹಾಕಲು ಮನೆಯಲ್ಲಿ ಅವಳದೊಂದೂ ಫೋಟೊ ಇರಲಿಲ್ಲ. ಸಿಕ್ಕಿದ್ದು ಹಳೆಯ ಬಸ್ ಪಾಸ್. ಅದರಲ್ಲಿದ್ದ ಉಗುರಗಲದ ಮುಖವನ್ನೇ ದೊಡ್ಡದು ಮಾಡಿಸಲೆಂದು ಜಯತೀರ್ಥ ಪಾಸನ್ನು ಕಿಟಕಿಯ ಹದವಾದ ಬೆಳಕಿನಲ್ಲಿಟ್ಟು ಮಿರರ್‌ಲೆಸ್‌ನಿಂದ ಫೋಟೊ ತೆಗೆದ.

ಮಿರರ್‌ಲೆಸ್ ಚೀಲಕ್ಕೆ ಮರಳಿತು.

“ಚೆನ್ನಾಗಿ ಬಂತೇ?” ಎಂದು ಪುಟಾಣಿ ಕೇಳಿತು.

“ಬಂತು. ಅವಳ ಕೆನ್ನೆಯ ಮೇಲೆ ಒತ್ತಿದ್ದ ಸೀಲಿನ ಒಂದೊಂದು ಅಕ್ಷರವೂ ಬಂತು.”

“ನಗು?”

“ಅದು ಆವತ್ತು ಅವನ ಕೈ ನಿನ್ನ ಮೇಲೆ ಬಿದ್ದಾಗಲೇ ನಿನ್ನ ಪಾಲಿಗೆ ಬಂದಿತ್ತು,” ಎಂದಿತು ಮಿರರ್‌ಲೆಸ್.